ಐದು ಎಚ್‌ಪಿ ಹುಡುಗ: ಬಳಸುವ ಮುನ್ನ ಪೂರ್ತಿ ಓದಿ

ಈ ಕೈಪಿಡಿ ಬರೆದವನು ಡಾಕ್ಟರಲ್ಲ, ಕೋಚೂ ಅಲ್ಲ. ರಾಯಕೋಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡು ಇಪ್ಪತ್ತಾರು ವರ್ಷದಿಂದ ಸುಟ್ಟ ಮೋಟರುಗಳ ಹೊಟ್ಟೆ ಬಿಚ್ಚಿ ನೋಡುತ್ತಿರುವವನು. ಹೊಸ ಪಂಪ್‌ಸೆಟ್ಟಿನ ಜೊತೆಗೆ ಒಂದು ಪುಸ್ತಕ ಬರುತ್ತದೆ. ರೈತರು ಅದನ್ನು ನಾಲ್ಕು ಮಡಿಕೆ ಮಾಡಿ ಸ್ಟಾರ್ಟರ್ ಪೆಟ್ಟಿಗೆಯ ಸಂದಿಗೆ ತುರುಕುತ್ತಾರೆ, ಮೋಟರ್ ಸುಟ್ಟ ದಿನ ಹುಡುಕುತ್ತಾರೆ. ನನ್ನ ಅಕ್ಕನ ಮಗ ಹುಟ್ಟಿದಾಗ ಜೊತೆಗೆ ಅಂಥದ್ದೇನೂ ಬರಲಿಲ್ಲ. ಪ್ಯಾರಿಸ್ ಒಲಿಂಪಿಕ್ಸ್ ನಡೆದ ವರ್ಷ ಅವನು ಎರಡು ಸಲ ಸುಟ್ಟುಕೊಂಡು ಬಂದ. ಒಂದು ಸಲ ತೂಕ ಏರಿಸಿ, ಇನ್ನೊಂದು ಸಲ ಇಳಿಸಿ. ಆಮೇಲೆ ನಾನೇ ಪೆನ್ನು ಹಿಡಿದೆ.

ಯಂತ್ರದ ಪರಿಚಯ

ವಯಸ್ಸು ಹತ್ತೊಂಬತ್ತು. ಬೆಳಗಿನ ಜಾವ ಟೊಮೆಟೊ ಮಂಡಿಯಲ್ಲಿ ಕ್ರೇಟು ಎತ್ತುತ್ತಾನೆ, ಹಗಲು ಹೊಸೂರಿನಲ್ಲಿ ಐಟಿಐ, ಸಂಜೆ ಬಾಕ್ಸಿಂಗು. ತೂಕ ನೋಡುವುದು ಮಂಡಿಯ ತಕ್ಕಡಿಯಲ್ಲೇ. ಚಪ್ಪಲಿ ಬಿಚ್ಚಿ ಹತ್ತಿ ನಿಲ್ಲುತ್ತಾನೆ. ತೂಕ ಬರೆಯುವ ಹಿರಿಯರು ಅಭ್ಯಾಸಬಲದಿಂದ ಖಾಲಿ ಕ್ರೇಟಿನ ಎರಡು ಕೆಜಿ ಕಳೆದು ಕೂಗುತ್ತಾರೆ. ಆ ಕಳೆಯುವಿಕೆ ಹುಡುಗನಿಗೆ ಬಹಳ ಇಷ್ಟ. ಪಂದ್ಯದ ದಿನ ಹಾಗೆ ಕಳೆದು ಕೂಗುವವರು ಯಾರೂ ಸಿಕ್ಕುವುದಿಲ್ಲ ಅನ್ನುವುದು ಅವನ ದೊಡ್ಡ ದುಃಖ.

ವರ್ಗ: 63.5 ಕೆಜಿ. ಕೊಡಗಿನ ಸಿ. ಸಿ. ಮಾಚಯ್ಯನವರು 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಇಳಿದದ್ದೂ ಇದೇ ಮಿತಿಯಲ್ಲಿ. ಪ್ಯಾರಿಸ್ಸಿನಲ್ಲಿ ಗಂಡಸರಿಗಿದ್ದ ಏಳು ವರ್ಗಗಳಲ್ಲಿ ಇದೂ ಒಂದು, ಇದರ ಮೇಲಿನ ಮೆಟ್ಟಿಲು 71. ನಮ್ಮ ಕಡೆಯ ಪಂದ್ಯಗಳಲ್ಲಿ ಎರಡರ ನಡುವೆ 67 ಅನ್ನುವ ಮೆಟ್ಟಿಲೂ ಇತ್ತು. ಅದರ ಮೇಲೆ ಕಾಲಿಡು ಅಂದರೆ, "ಒಲಿಂಪಿಕ್ಸಲ್ಲಿ ಅದಿಲ್ವಲ್ಲ ಮಾಮ" ಅಂದ. ಇನ್ನೂ ಜಿಲ್ಲಾ ಮಟ್ಟದ ಸೆಮಿಫೈನಲ್ ದಾಟದ ಹುಡುಗ!

ಓಡುವ ಅವಧಿ: ಮೂರು ನಿಮಿಷದ ಮೂರು ರೌಂಡು, ನಡುನಡುವೆ ಒಂದು ನಿಮಿಷ ಸ್ಟೂಲು. ಇದನ್ನು ಕೆಂಪು ಶಾಯಿಯಲ್ಲಿ ಬರೆಯಬೇಕಿತ್ತು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ತಲೆ ಬೋಳಿಸಿಕೊಂಡು ವಜ್ರಮುಷ್ಟಿ ಹಿಡಿದು ಇಳಿಯುತ್ತಾರಲ್ಲ, ಅಲ್ಲಿ ಒಂದು ಹನಿ ರಕ್ತ ಕಂಡರೆ ಕಾಳಗ ಮುಗಿಯಿತು. ಗಳಿಗೆಯೊಳಗೆ ಮುಗಿಯುವ ಕೆಲಸಕ್ಕೆ ಎಷ್ಟು ದಪ್ಪ ತೋಳಿದ್ದರೂ ನಡೆದೀತು. ಬಾಕ್ಸಿಂಗಿನ ಒಂಬತ್ತು ನಿಮಿಷದಲ್ಲಿ ತೋಳು ತನ್ನ ತೂಕವನ್ನು ತಾನೇ ಹೊತ್ತುಕೊಂಡು ತಿರುಗಬೇಕು.

ಎಚ್‌ಪಿ ಏರಿಸುವ ವಿಧಾನ

ಮೊದಲು ಉದ್ದನೆಯ ಹುಡುಗನೊಬ್ಬನ ಕೈಲಿ ಸೋತು ಬನ್ನಿ. ಸೋತದ್ದು ಕೈ ಕೆಳಗಿಟ್ಟುಕೊಂಡದ್ದಕ್ಕೆ ಎಂದು ಕೋಚ್ ಹೇಳಿದರೆ ಕೇಳಿಸಿಕೊಳ್ಳಬೇಡಿ, ಬಲ ಸಾಲದೆ ಸೋತೆ ಎಂದು ತೀರ್ಮಾನಿಸಿ. ಮನೆಗೆ ಬಂದು ಕನ್ನಡಿ ಮುಂದೆ ಅಂಗಿ ಬಿಚ್ಚಿ. ಕನ್ನಡಿಯಲ್ಲಿ ಕಾಣುವ ಭಾಗಗಳನ್ನು ಮಾತ್ರ ಬೆಳೆಸತಕ್ಕದ್ದು: ತೋಳು, ಎದೆ, ಭುಜ. ಬೆನ್ನು, ಪೃಷ್ಠ, ಮೀನಖಂಡ ಕಾಣುವುದಿಲ್ಲವಾದ್ದರಿಂದ ಅವು ಇಲ್ಲವೆಂದೇ ತಿಳಿಯಿರಿ.

ಆಮೇಲೆ ಊಟ. ಇಲ್ಲಿ ಮಾತ್ರ ನಾನು ತಮಾಷೆ ಬಿಟ್ಟು ಲೆಕ್ಕ ಹಾಕಿದ್ದೇನೆ. ಮೈ ಕಟ್ಟುವವನಿಗೆ ದಿನಕ್ಕೆ ಒಂದೊಂದು ಕೆಜಿ ದೇಹತೂಕಕ್ಕೆ ಸುಮಾರು 1.6 ಗ್ರಾಂ ಪ್ರೋಟೀನು ಬೇಕು. 64 ಕೆಜಿ ಹುಡುಗನಿಗೆ ನೂರು ಗ್ರಾಂ ಚಿಲ್ಲರೆ. ಡಬ್ಬದ ಪುಡಿ ಇಲ್ಲದೆ ಆಗುವುದೇ ಇಲ್ಲ ಎಂದು ಅವನು ಹಟ ಹಿಡಿದ. ನಾನು ವೈಂಡಿಂಗ್ ಲೆಕ್ಕದ ನೋಟು ಪುಸ್ತಕದ ಹಿಂದುಗಡೆ ಬರೆದು ತೋರಿಸಿದೆ. ಮೂರು ಹೊತ್ತಿಗೂ ಸೇರಿ 300 ಗ್ರಾಂ ರಾಗಿಹಿಟ್ಟಿನ ಮುದ್ದೆ ತಿಂದರೆ 21 ಗ್ರಾಂ. ನೂರು ಗ್ರಾಂ ಹುರುಳಿಯ ಸಾರು, ಕಾಳು ಸಮೇತ, 22. ಆರು ಮೊಟ್ಟೆ 36. ಅರ್ಧ ಲೀಟರ್ ಹಾಲು 16. ಒಂದು ಹಿಡಿ ಕಡಲೆಕಾಯಿ 6. ಕೂಡಿಸಿದರೆ 101. ಇಷ್ಟೂ ನಮ್ಮ ಮನೆಯ ಅಡುಗೆಕೋಣೆಯಲ್ಲೇ ಇದ್ದದ್ದು. ನನ್ನ ಅವ್ವ, ಅಂದರೆ ಅವನ ಅಜ್ಜಿ, ಲೆಕ್ಕ ಕೇಳಿ, "ಅದ್ನೇ ಅಲ್ವೇನೋ ಇವನು ಹುಟ್ಟಿದಾಗಿಂದ ನಾನು ಇಕ್ತಿರಾದು?" ಅಂದಳು. ಹುಡುಗ ಡಬ್ಬ ತಂದೇಬಿಟ್ಟ. ಡಬ್ಬದ ಮೇಲೆ ಒಬ್ಬ ಗಂಡಸಿನ ಚಿತ್ರವಿತ್ತು, ಅವನಿಗೆ ಕತ್ತೇ ಇರಲಿಲ್ಲ.

ಮೊದಲ ಹತ್ತು ದಿನದಲ್ಲಿ ತಕ್ಕಡಿ ಎರಡು ಕೆಜಿ ಹೆಚ್ಚು ತೋರಿಸಿತು. ಮಂಡಿಯಲ್ಲಿ ಲಡ್ಡು ಹಂಚುವುದೊಂದು ಬಾಕಿ. ಅದು ನೀರು. ಅನ್ನ, ಮುದ್ದೆ ಹೆಚ್ಚಿಗೆ ತಿಂದಾಗ ಸ್ನಾಯುವಿನಲ್ಲಿ ಸಕ್ಕರೆ ಕೂಡಿಕೊಳ್ಳುತ್ತದೆ, ಆ ಸಕ್ಕರೆಯ ಒಂದೊಂದು ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನು ಕಟ್ಟಿಕೊಂಡೇ ಕೂರುತ್ತದೆ. ಕ್ರಿಯಾಟಿನ್ ಪುಡಿ ಮಾಡುವುದೂ ಮೊದಲಿಗೆ ಇದೇ ಕೆಲಸ. ಹೊಸದಾಗಿ ಕಬ್ಬಿಣ ಎತ್ತುವವನಿಗೆ ನಿಜವಾದ ಸ್ನಾಯು ಬಲು ಚೆನ್ನಾಗಿ ನಡೆದರೆ ವಾರಕ್ಕೆ ಕಾಲು ಕೆಜಿ ಬಂದೀತು, ಅದೂ ಮೊದಮೊದಲು. ನಮ್ಮವನು ಐದು ತಿಂಗಳಲ್ಲಿ 70 ಮುಟ್ಟಿದ. ಅದರಲ್ಲಿ ಸ್ನಾಯು ಎಷ್ಟು, ನೀರು ಎಷ್ಟು, ಹೊಸೂರು ಬಸ್‌ಸ್ಟ್ಯಾಂಡಿನ ಪರೋಟ ಎಷ್ಟು ಎನ್ನುವುದು ತಕ್ಕಡಿಗೆ ತಿಳಿಯದು.

ಪರೀಕ್ಷಾ ಓಟ

71ರ ವರ್ಗದಲ್ಲಿ ಅವನ ಮೊದಲ ಪಂದ್ಯ. ಮೊದಲ ರೌಂಡಿನಲ್ಲಿ ನಮ್ಮ ಹುಡುಗ ಗುದ್ದಿದ್ದು ಕೇಳಿ ಪಕ್ಕದ ಬೆಂಚಿನವರು ತಿರುಗಿ ನೋಡಿದರು. ನಾನೂ ಎದೆಯುಬ್ಬಿಸಿ ಕೂತಿದ್ದೆ. ಎರಡನೆಯದರ ಕೊನೆಗೆ ಅವನ ಬಾಯಿ ತೆರೆಯಿತು. ಮೂರನೆಯದರಲ್ಲಿ ಕೈಗಳು ಎದೆಮಟ್ಟಕ್ಕೆ ಇಳಿದವು, ಪಾದಗಳು ಎತ್ತಿಡುವುದನ್ನು ಬಿಟ್ಟು ಎಳೆದಿಡತೊಡಗಿದವು. ಎದುರಿನ ಹುಡುಗ ದೊಡ್ಡ ಪೆಟ್ಟೇನೂ ಹೊಡೆಯಲಿಲ್ಲ. ಸುತ್ತ ತಿರುಗುತ್ತಾ ಕೆಲಸ ಮುಗಿಸಿದ.

ನನಗೆ ಅರ್ಥವಾಗದೆ ಇರುತ್ತದೆಯೇ? ಈ ತಪ್ಪನ್ನು ನನ್ನ ಅಂಗಡಿಗೆ ವರ್ಷಕ್ಕೆ ಮೂವತ್ತು ಜನ ತರುತ್ತಾರೆ. ಬೋರಿನಲ್ಲಿ ಇರುವುದು ಒಂದೂವರೆ ಇಂಚು ನೀರು. ಐದು ಎಚ್‌ಪಿ ಮೋಟರು ಅದನ್ನು ದಿನವಿಡೀ ನೆಮ್ಮದಿಯಾಗಿ ಎತ್ತುತ್ತಿರುತ್ತದೆ. ಪಕ್ಕದ ತೋಟದವನು ಏಳೂವರೆ ಹಾಕಿದ ಎಂದು ಇವನೂ ಏಳೂವರೆ ಇಳಿಸುತ್ತಾನೆ. ಮೊದಲ ಹತ್ತು ನಿಮಿಷ ಪೈಪಿನಿಂದ ಆನೆ ಸೊಂಡಿಲಿನ ಹಾಗೆ ನೀರು. ಆಮೇಲೆ ಬುಸ್ ಬುಸ್ ಎಂದು ಗಾಳಿ. ಮೋಟರು ದೊಡ್ಡದಾಯಿತೇ ಹೊರತು ಬೋರಿನ ಊಟೆ ಹೆಚ್ಚಲಿಲ್ಲ. ಬಾಕ್ಸರನ ಬೋರು ಅಂದರೆ ಅವನ ಎದೆ: ಹೃದಯ, ಶ್ವಾಸಕೋಶ, ರಕ್ತ. ಹೊಸ ಸ್ನಾಯು ಅದರಿಂದಲೇ ಆಮ್ಲಜನಕ ಕುಡಿಯಬೇಕು. ಐದು ತಿಂಗಳು ಓಟ ಬಿಟ್ಟು ಕಬ್ಬಿಣ ಎತ್ತಿದವನ ಊಟೆ ಹೆಚ್ಚುವುದಿರಲಿ, ಇದ್ದದ್ದೂ ಕುಗ್ಗಿರುತ್ತದೆ. ಹಂಚಿಕೊಳ್ಳಬೇಕಾದ ಕೆಜಿಗಳು ಮಾತ್ರ ಆರೂವರೆ ಹೆಚ್ಚು.

ಇನ್ನೊಂದು ವಿಷಯ, ಇದು ಪಂಪಿನದಲ್ಲ, ನಮ್ಮ ಊರಿನದು. ರಾಯಕೋಟೆಯ ಬೆಟ್ಟಕ್ಕೆ ಎರಡು ಕೋಟೆ, ಬುಡದಲ್ಲೊಂದು, ತಲೆಯಲ್ಲೊಂದು. 1791ರ ಜುಲೈಯಲ್ಲಿ ಮೇಜರ್ ಗೌಡಿ ಎಂಬ ಇಂಗ್ಲಿಷರವನು (ಹೆಸರು ಕೇಳಿ ನಮ್ಮವನೇ ಅಂದುಕೊಳ್ಳಬೇಡಿ) ಟಿಪ್ಪುವಿನ ಕೈಯಿಂದ ಇದನ್ನು ಕಿತ್ತುಕೊಳ್ಳಲು ಬಂದ. ಕೆಳಕೋಟೆಯನ್ನು ಲಗ್ಗೆ ಹಾಕಿ ಹಿಡಿದ. ಮೇಲಿನದು ಅಷ್ಟು ಸುಲಭಕ್ಕೆ ಬಗ್ಗುವಂಥದ್ದಲ್ಲ, ಈಗ ಹತ್ತಿದರೂ ಉಸಿರು ಕಟ್ಟುತ್ತದೆ. ಆದರೂ ಕೆಳಗಿನದು ಹೋದ ಮೇಲೆ ಮೇಲಿನವರು ಹೆಚ್ಚು ದಿನ ನಿಲ್ಲದೆ ಶರಣಾದರು. ಬಾಕ್ಸರನೂ ಹೀಗೇ ಬೀಳುತ್ತಾನೆ. 1985ರಲ್ಲಿ ಪ್ರಕಟವಾದ ಒಂದು ಸೋವಿಯತ್ ಅಧ್ಯಯನದಲ್ಲಿ 120 ಬಾಕ್ಸರುಗಳ ನೇರಗುದ್ದನ್ನು ಅಳೆದು ಬಲ ಎಲ್ಲಿಂದ ಬರುತ್ತದೆಂದು ಪಾಲು ಹಾಕಿದ್ದರು. ನುರಿತವರಲ್ಲಿ ಕಾಲಿನ ಪಾಲು ನೂರಕ್ಕೆ 38ರ ಹತ್ತಿರ, ನಡು ಬೆನ್ನಿನದು 37, ಕೈಯದು ಬರೀ 24. ಕೆಳದರ್ಜೆಯವರಲ್ಲಿ ಕಾಲಿನ ಪಾಲು ಇದರ ಅರ್ಧವೂ ಇರಲಿಲ್ಲ. ನಮ್ಮ ಹುಡುಗ ಐದು ತಿಂಗಳು ಬೆಟ್ಟದ ತುದಿಯಲ್ಲಿ ಕಲ್ಲು ಪೇರಿಸಿದ್ದ. ಮೂರನೆಯ ರೌಂಡಿನಲ್ಲಿ ಬಿದ್ದದ್ದು ಕೆಳಕೋಟೆ.

ಏರಿಸಿ ಗೆದ್ದವರು ಇಲ್ಲವೇ? ಇದ್ದಾರೆ. ಮೇರಿ ಕೋಮ್ ಪದಕ ಗೆದ್ದು ಬೆಳೆದದ್ದು 46, 48 ಕೆಜಿಗಳಲ್ಲಿ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಹೆಣ್ಣುಮಕ್ಕಳಿಗೆ ಇದ್ದ ಅತಿ ಚಿಕ್ಕ ವರ್ಗವೇ 51. ಆಯಮ್ಮ ಹತ್ತಿ ನಿಂತರು, ತಮಗಿಂತ ದೊಡ್ಡ ಎಲುಬಿನವರ ನಡುವೆ ಕಂಚು ತಂದರು, 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸಿನಲ್ಲಿ ಅದೇ ತೂಕದಲ್ಲಿ ಚಿನ್ನ ತಂದರು. 2018ರಲ್ಲಿ ಮತ್ತೆ 48ಕ್ಕೆ ಇಳಿದು ದಿಲ್ಲಿಯಲ್ಲಿ ಆರನೆಯ ಸಲ ವಿಶ್ವ ಚಾಂಪಿಯನ್ ಆದರು. ಅಮಿತ್ ಪಂಘಾಲ್ 49ರಲ್ಲಿದ್ದವರು, ಟೋಕಿಯೊ ಒಲಿಂಪಿಕ್ಸಿಗೆ ಆ ವರ್ಗ ತೆಗೆದುಹಾಕಿದ್ದರಿಂದ 52ಕ್ಕೆ ಹೋಗಿ 2019ರ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಬೆಳ್ಳಿ ಗೆದ್ದರು. ಟೋಕಿಯೊದಲ್ಲಿ ಮೊದಲ ಪಂದ್ಯದಲ್ಲೇ ಸೋತದ್ದೂ ಅದೇ 52ರಲ್ಲಿ, ಅದು ಬೇರೆ ಮಾತು. ಗಮನಿಸಬೇಕಾದದ್ದು ಮೆಟ್ಟಿಲಿನ ಎತ್ತರ. ಇಬ್ಬರೂ ಹತ್ತಿದ್ದು ಮೂರು ಕೆಜಿ. ಆ ಮೂರು ಕೆಜಿಗೂ ಕಾಲಿಗೆ ಕೆಲಸ ಕೊಟ್ಟು, ರಿಂಗಿನಲ್ಲೇ ಹೊರಲು ಕಲಿತರು. ನಾನು ಇದನ್ನು ಹೇಳಿದಾಗ ಹುಡುಗ, "ಅವ್ರು ಚಿಕ್ಕೋರು ಮಾಮ, ಮೂರೇ ಸಾಕು" ಅಂದ.

ಎಚ್‌ಪಿ ಇಳಿಸುವ ವಿಧಾನ (ಎಚ್ಚರಿಕೆ: ಈ ಭಾಗವನ್ನು ಪಾಲಿಸಬಾರದು)

ಸೋತ ಮರುವಾರವೇ, "63.5ಕ್ಕೆ ವಾಪಸ್ ಹೋಗ್ತೀನಿ, ಇನ್ನು ಮೂರು ವಾರಕ್ಕೆ ಪಂದ್ಯ ಐತೆ" ಅಂದ. ಅವನ ಲೆಕ್ಕ ನೇರವಾಗಿತ್ತು. ಮೊದಲಿದ್ದ ಜಾಗಕ್ಕೆ ಹೋದರೆ ಮೊದಲಿದ್ದ ಹುಡುಗನೇ ಸಿಕ್ಕುತ್ತಾನೆ, ಜೊತೆಗೆ ಈಗಿನ ಬಲವೂ ಉಳಿಯುತ್ತದೆ.

ಈ ಲೆಕ್ಕ ಹಾಕಿ ಕೆಟ್ಟವರಲ್ಲಿ ಎಲ್ಲರಿಗಿಂತ ದೊಡ್ಡವನು ಅಮೆರಿಕದ ರಾಯ್ ಜೋನ್ಸ್. ಅವನಷ್ಟು ಚುರುಕಿನ ಬಾಕ್ಸರು ಆ ಕಾಲದಲ್ಲಿ ಇನ್ನೊಬ್ಬನಿರಲಿಲ್ಲ. ಬೆನ್ನ ಹಿಂದೆ ಕೈಕಟ್ಟಿ ನಿಂತು ಆಟವಾಡಿಸುತ್ತಿದ್ದ. 79 ಕೆಜಿ ಚಿಲ್ಲರೆಯ ಲೈಟ್ ಹೆವಿವೇಟ್ ವರ್ಗದ ರಾಜ. 2003ರ ಮಾರ್ಚಿನಲ್ಲಿ ಮೈ ಬೆಳೆಸಿ 87.5 ಕೆಜಿಯಾಗಿ, 102 ಕೆಜಿ ಮೀರಿದ ಜಾನ್ ರೂಯಿಜ್‌ನನ್ನು ಲಾಸ್ ವೇಗಸ್ಸಿನಲ್ಲಿ ಸೋಲಿಸಿ ಹೆವಿವೇಟ್ ಪಟ್ಟ ಹಿಡಿದ. ಒಮ್ಮೆ ಮಿಡ್ಲ್‌ವೇಟ್ ಚಾಂಪಿಯನ್ ಆಗಿದ್ದವನು ಹೆವಿವೇಟ್ ಪಟ್ಟ ಏರಿದ್ದು 106 ವರ್ಷದಲ್ಲಿ ಅದೇ ಮೊದಲು. ಹತ್ತುವಾಗ ಏನೂ ಆಗಲಿಲ್ಲ ನೋಡಿ. ನಮ್ಮ ಬೆಟ್ಟದಲ್ಲೂ ಜನ ಮಂಡಿ ಹಿಡಿದುಕೊಂಡು ಕೂರುವುದು ಇಳಿಯುವಾಗಲೇ.

ಎಂಟು ತಿಂಗಳ ಮೇಲೆ, ನವೆಂಬರಿನಲ್ಲಿ, ಹಳೆಯ ತೂಕಕ್ಕೆ ವಾಪಸ್ಸು ಬಂದು ಆಂಟೋನಿಯೊ ಟಾರ್ವರ್ ಎದುರು ನಿಂತ. ಎಂಟು ಕೆಜಿ ಇಳಿಸಿದ್ದ. ಗೆದ್ದ, ಆದರೆ ಏದುಸಿರು ಬಿಡುತ್ತಾ, ಹಗ್ಗಕ್ಕೆ ಆನಿಕೊಂಡು, ಅಂಕದ ಅಂಚಿನಲ್ಲಿ. 2004ರ ಮೇ 15ರಂದು ಅದೇ ಟಾರ್ವರ್ ಎರಡನೆಯ ರೌಂಡಿನಲ್ಲಿ ಒಂದೇ ಎಡಗೈ ಬೀಸಿನಿಂದ ಮಲಗಿಸಿದ. ಸೆಪ್ಟೆಂಬರಿನಲ್ಲಿ ಗ್ಲೆನ್ ಜಾನ್ಸನ್ ಒಂಬತ್ತನೆಯ ರೌಂಡಿನಲ್ಲಿ ಮತ್ತೆ ಮಲಗಿಸಿದ. ಅದಕ್ಕೂ ಮೊದಲಿನ ಹದಿನೈದು ವರ್ಷದಲ್ಲಿ ಅವನ ಹೆಸರಿನ ಮುಂದಿದ್ದದ್ದು ಒಂದೇ ಸೋಲು, ಅದೂ ನಿಯಮ ತಪ್ಪಿ ಹೊಡೆದದ್ದಕ್ಕೆ. ವಯಸ್ಸು ಮೂವತ್ತೈದಾಗಿತ್ತು, ಅದರ ಪಾಲನ್ನೂ ಒಪ್ಪಬೇಕು. ಆದರೆ ತೂಕ ಇಳಿಸುವಾಗ ಮೈ ನಮ್ಮನ್ನು ಕೇಳಿ ಕೀಳುವುದಿಲ್ಲ. ನಿನ್ನೆ ಸೇರಿಸಿದ ತೋಳಿನಿಂದ ಮಾತ್ರ ತೆಗೆದುಕೋ, ಕಾಲಿನ ಹಳೆಯ ಸ್ನಾಯು ಮುಟ್ಟಬೇಡ ಎಂದು ಅದಕ್ಕೆ ಚೀಟಿ ಬರೆದುಕೊಡಲು ಆಗುತ್ತದೆಯೇ? ಹಳೆಯ ಅಂಕಿ ತಕ್ಕಡಿಗೆ ವಾಪಸ್ಸು ಬಂತು, ಹಳೆಯ ಮನುಷ್ಯ ಬರಲಿಲ್ಲ.

ನಮ್ಮವನಿಗೆ ಮೂರು ವಾರದಲ್ಲಿ ಆರೂವರೆ ಕೆಜಿ. ಮೊದಲ ಎರಡು ವಾರ ಹಸಿವಿನಿಂದ ಮೂರೂವರೆ ಹೋಯಿತು. ಉಳಿದ ಮೂರಕ್ಕೆ ನೀರಿಗೇ ಕೈಹಾಕಿದ. ನನ್ನ ಅಂಗಡಿಯ ಹಿಂದೆ ಸುಟ್ಟ ಮೋಟರುಗಳ ರಾಶಿಯ ಪಕ್ಕದಲ್ಲಿ ಒಂದು ಸಿಮೆಂಟು ಕಟ್ಟೆ ಇದೆ. ಮಟಮಟ ಮಧ್ಯಾಹ್ನ ಅಲ್ಲಿ ಮಳೆಕೋಟು ತೊಟ್ಟು, ಅದರ ಮೇಲೆ ಸ್ವೆಟರು ಹಾಕಿ ಹಗ್ಗದಾಟ. ಕೋಟಿನ ತೋಳಿನ ತುದಿಯಿಂದ ಬೆವರು ಹನಿ ಹನಿಯಾಗಿ ಅಲ್ಲ, ಸಣ್ಣ ದಾರವಾಗಿ ಇಳಿಯುತ್ತಿತ್ತು. ಬಾಯಲ್ಲಿ ಚೂಯಿಂಗ್ ಗಮ್ಮು, ಕೈಲಿ ಒಂದು ಬಾಟಲು. ಜೊಲ್ಲು ಬಂದಷ್ಟೂ ಅದಕ್ಕೆ ಉಗುಳುವುದು, ಎಷ್ಟು ಮಿಲಿ ಆಯಿತೆಂದು ಎತ್ತಿ ನೋಡುವುದು. ಅವ್ವ ಮಜ್ಜಿಗೆ ತಂದು ಬಾಗಿಲಲ್ಲಿ ನಿಂತಿದ್ದಳು. "ಒಂದ್ ಗುಟುಕು ಕುಡಿಯೋ ಮಗ" ಅಂದಳು. ಅವನು ಮುಖ ತಿರುಗಿಸಿದ. ಅವನ ತುಟಿ ಬಿರಿದು ಬೆಳ್ಳಗಾಗಿತ್ತು.

ನೀರಿನೊಳಗೆ ಇಳಿಸುವ ಮೋಟರಿನ ಪ್ರತಿ ಪುಸ್ತಕದಲ್ಲೂ ಮೊದಲ ಎಚ್ಚರಿಕೆ ಒಂದೇ: ಡ್ರೈ ರನ್ ಮಾಡಬೇಡಿ. ಸುತ್ತಲಿನ ನೀರೇ ಅದನ್ನು ತಣ್ಣಗಿಡುವುದು. ನೀರು ಬತ್ತಿದ ಬೋರಿನಲ್ಲಿ ಓಡಿಸಿದರೆ ವೈಂಡಿಂಗು ಕರಗುತ್ತದೆ. ಮನುಷ್ಯನನ್ನು ತಣ್ಣಗಿಡುವುದೂ ಬೆವರೇ, ಬೆವರು ಬರುವುದು ರಕ್ತದ ನೀರಿನಿಂದ. ದೇಹತೂಕದ ನೂರರಲ್ಲಿ ಎರಡು ಪಾಲು ನೀರು ಹೋದರೆ ಸಾಕು, ದಮ್ಮು ಕುಗ್ಗತೊಡಗುತ್ತದೆ. ರಕ್ತ ಗಟ್ಟಿಯಾಗಿ ಹೃದಯ ಹೆಚ್ಚು ಸಲ ಬಡಿದುಕೊಳ್ಳಬೇಕಾಗುತ್ತದೆ. ಅಮೆರಿಕದಲ್ಲಿ 1997ರ ನವೆಂಬರ್ ಡಿಸೆಂಬರುಗಳಲ್ಲಿ ಹೀಗೆ ಬೆವರಿಳಿಸಿ ತೂಕ ಕಳೆಯುತ್ತಿದ್ದ ಮೂವರು ಕಾಲೇಜು ಕುಸ್ತಿ ಹುಡುಗರು ಸತ್ತರು. ಆಮೇಲೆ ಅಲ್ಲಿ ನಿಯಮವೇ ಬದಲಾಯಿತು. ಮೂತ್ರ ಇಳಿಸುವ ಮಾತ್ರೆಯ ಹೆಸರನ್ನು ಯಾರೋ ನಮ್ಮ ಹುಡುಗನ ಕಿವಿಗೆ ಹಾಕಿದ್ದರು. ಅದು ನಿಷೇಧಿತ ಮದ್ದಿನ ಪಟ್ಟಿಯಲ್ಲಿದೆ ಎಂದು ಹೇಳಿ ಚೀಟಿ ಕಿತ್ತು ಒಲೆಗೆ ಹಾಕಿದೆ.

"ಮೇರಿ ಕೋಮ್ ನಾಲ್ಕು ಗಂಟೇಲಿ ಎರಡು ಕೆಜಿ ಇಳಿಸಿಲ್ವಾ?" ಅಂದ. ಇಳಿಸಿದ್ದು ನಿಜ, 2018ರಲ್ಲಿ ಪೋಲೆಂಡಿನಲ್ಲಿ, ವಿಮಾನ ಇಳಿದ ಕೂಡಲೇ ಒಂದು ಗಂಟೆ ಹಗ್ಗ ಆಡಿ. ಆಯಮ್ಮ ಅದಕ್ಕೂ ಮೊದಲು ಐದು ಸಲ ವಿಶ್ವ ಚಾಂಪಿಯನ್, ತಮ್ಮ ಮೈಯ ಒಂದೊಂದು ಗ್ರಾಮಿನ ಜಾತಕ ಗೊತ್ತಿದ್ದವರು. ಅದೇ ಪ್ಯಾರಿಸ್ಸಿನಲ್ಲಿ ರಾತ್ರಿಯೆಲ್ಲ ಒದ್ದಾಡಿದರೂ ಕುಸ್ತಿಯ ವಿನೇಶ್ ಫೋಗಟ್‌ರಿಗೆ 100 ಗ್ರಾಂ ಇಳಿಯದೆ ಉಳಿಯಿತು, ಫೈನಲ್ಲೇ ಹೋಯಿತು. ಮರುದಿನ ಬೆಳಗ್ಗೆ ಮಂಡಿಯಲ್ಲಿ ಎಲ್ಲರೂ ಅದನ್ನೇ ಮಾತಾಡಿದ್ದರು. ನೂರು ಗ್ರಾಂ ಅಂದರೆ ಎಷ್ಟು ಎಂದು ಯಾರೋ ಒಂದು ದಪ್ಪ ಟೊಮೆಟೊ ಎತ್ತಿ ತೋರಿಸಿದರು.

ನಮ್ಮವನು ಪಂದ್ಯದ ಬೆಳಗ್ಗೆ 63.4 ತೂಗಿದ. ಕುಣಿದಾಡಿದ. ದುಡ್ಡಿನ ಬಾಕ್ಸಿಂಗಿನಲ್ಲಿ ಹಿಂದಿನ ದಿನವೇ ತೂಗುವುದರಿಂದ ಮರುದಿನಕ್ಕೆ ನೀರು ತುಂಬಿಸಿಕೊಳ್ಳಲು ಹೊತ್ತು ಸಿಗುತ್ತದೆ. 2000ರಲ್ಲಿ ಆರ್ತುರೊ ಗಾಟ್ಟಿ 64 ಕೆಜಿ ಎಂದು ತೂಗಿ, ಮರುದಿನ 72ರ ಮೈ ಹೊತ್ತು ರಿಂಗಿಗೆ ಹತ್ತಿದ್ದ. ನಮ್ಮ ಅಮೆಚೂರ್ ಪಂದ್ಯದಲ್ಲಿ ಬೆಳಗ್ಗೆ ತೂಕ, ಅವತ್ತೇ ಹೊಡೆದಾಟ, ಗೆದ್ದರೆ ಮುಂದಿನ ಪಂದ್ಯದ ಬೆಳಗ್ಗೆ ಮತ್ತೆ ತೂಕ. ಎರಡು ಬಾಟಲು ನೀರು, ಗ್ಲೂಕೋಸು, ನಾಲ್ಕು ಇಡ್ಲಿ ತಿಂದು ವಾಂತಿ ಮಾಡಿಕೊಂಡ. ರಿಂಗಿನಲ್ಲಿ ಮೊದಲ ರೌಂಡಿನ ಎರಡನೆಯ ನಿಮಿಷಕ್ಕೇ ಮೀನಖಂಡ ಹಿಡಿದುಕೊಂಡಿತು. ರೆಫರಿ ಎಣಿಸಿದ್ದು ಎಂಟು, ಅವನಿಗೆ ಕೇಳಿಸಿದ್ದು ಐದಂತೆ.

ದೋಷ ಪತ್ತೆ

ಮೂರನೆಯ ರೌಂಡಿನಲ್ಲಿ ಬಾಯಿ ತೆರೆದರೆ: ಮೋಟರಿನದಲ್ಲ, ಬೋರಿನ ದೋಷ. ಬೆಳಗ್ಗೆ ಕೋಟೆ ಬೆಟ್ಟ ಓಡಿ ಹತ್ತಿಸಿ.

ಗುದ್ದು ಭಾರ, ಆದರೆ ತಾಗುವುದಿಲ್ಲವಾದರೆ: ಭುಜದ ಬೋಲ್ಟು ಅತಿಯಾಗಿ ಬಿಗಿದಿದೆ. ಕನ್ನಡಿ ತೆಗೆದಿಡಿ.

ತೂಕ ಸರಿ, ತಲೆ ಸುತ್ತುತ್ತದೆಯಾದರೆ: ತೂಕ ಸರಿಯಿಲ್ಲ.

ಅಜ್ಜಿಯ ಜೊತೆ ಮಾತು ಬಿಟ್ಟಿದ್ದರೆ: ಮೊದಲು ಮಜ್ಜಿಗೆ ಕುಡಿಸಿ, ಆಮೇಲೆ ಮಿಕ್ಕದ್ದು.

ಸಿನಿಮಾ ನೋಡಿ ಉತ್ಸಾಹ ಬಂದಿದ್ದರೆ: 2021ರ ಸಾರ್ಪಟ್ಟ ಪರಂಪರೈಯಲ್ಲಿ ಕಬಿಲನ್ ಬೆಳೆಸಿಕೊಂಡ ಹೊಟ್ಟೆ ಒಂದು ಹಾಡು ಮುಗಿಯುವಷ್ಟರಲ್ಲಿ ಕರಗುತ್ತದೆ. ರಾಯಕೋಟೆಯಲ್ಲಿ ಹಾಡುಗಳು ಅಷ್ಟು ಉದ್ದ ಇರುವುದಿಲ್ಲ.

ಪರಿಷ್ಕೃತ ಮುದ್ರಣಕ್ಕೆ ಎರಡು ಮಾತು

ಮೊದಲ ಕರಡಿನಲ್ಲಿ ಬರೆದಿಟ್ಟ ತೂಕದ ವರ್ಗಗಳು ಈಗ ಸುಳ್ಳಾಗಿವೆ. 2025ರ ಜನವರಿಯಿಂದ ವರ್ಲ್ಡ್ ಬಾಕ್ಸಿಂಗ್ ಸಂಸ್ಥೆ ತೂಕದ ಪಟ್ಟಿಯನ್ನೇ ಬದಲಾಯಿಸಿತು. ಗಂಡಸರಿಗೆ ಈಗ 60, 65, 70, 75 ಎಂದು ಐದೈದರ ಮೆಟ್ಟಿಲು. ಹುಡುಗ ಬೆವರಿಳಿಸಿ ಮುಟ್ಟಿದ 63.5 ಇಲ್ಲ. ಪುಡಿ ತಿಂದು ಹತ್ತಿದ 71 ಇಲ್ಲ. ಚಿಕ್ಕದೆಂದು ಮೂಗು ಮುರಿದಿದ್ದ 67 ಕೂಡ ಇಲ್ಲ.

ಅವನು ಈಗ ಡಬ್ಬ ಬಿಟ್ಟಿದ್ದಾನೆ. ಬೆಳಗ್ಗೆ ಕ್ರೇಟು, ವಾರಕ್ಕೆ ನಾಲ್ಕು ದಿನ ಬೆಟ್ಟ. ಕಬ್ಬಿಣ ಎತ್ತುವುದು ಎರಡೇ ದಿನ, ಅದರಲ್ಲಿ ಒಂದು ದಿನ ಬರೀ ಕಾಲಿಗೆ. ಮೂರು ಹೊತ್ತು ಅವ್ವನ ಅಡುಗೆ. ಹೋದ ವಾರ ನಾನು ಟೊಮೆಟೊ ಕೊಳ್ಳಲು ಹೋದಾಗ ಮಂಡಿಯ ತಕ್ಕಡಿಯ ಮೇಲೆ ನಿಂತಿದ್ದ. ಕೆಂಪು ಅಂಕಿ ಒಂದು ಗಳಿಗೆ ನಡುಗಿ 65.4ಕ್ಕೆ ನಿಂತಿತು.

"ಅರವತ್ತ್‌ಮೂರು ನಾಲ್ಕು!" ಎಂದು ಹಿರಿಯರು ಕೂಗಿದರು.

"ಅಯ್ಯಾ, ಕ್ರೇಟ್ ಕಳೀಬ್ಯಾಡಿ, ಸರಿಯಾಗಿ ಹೇಳಿ," ಅಂದ ಹುಡುಗ.